ಒಂದು ರಾತ್ರಿಯ ಆಟಕ್ಕೆ ಎಷ್ಟು ಕೋರ್ ಬೇಕು?

ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಯಕ್ಷಗಾನ ಪ್ರದರ್ಶನಕ್ಕೆ ನಮ್ಮ ಕಡೆ ಆಟ ಅನ್ನುತ್ತೇವೆ. ಮೇ 24ರ ಆಸುಪಾಸಿನ ದಿನ ಅದು. ಕಲಾವಿದರು ಮನೆಗೆ ಹೋಗುತ್ತಾರೆ, ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಪೆಟ್ಟಿಗೆಗಳು ಮುಚ್ಚುತ್ತವೆ. ನನ್ನ ಕೆಲಸ ಅಲ್ಲಿಂದ ಶುರುವಾಗುತ್ತದೆ. ನವೆಂಬರಿನಿಂದ ಮೇವರೆಗೆ ಗದ್ದೆ, ಶಾಲೆಯ ಮೈದಾನ, ದೇವಸ್ಥಾನದ ಎದುರಿನ ಬಯಲು ಅಂತ ತಿರುಗಿ ಚಿತ್ರೀಕರಿಸಿದ ಆಟಗಳೆಲ್ಲ ಹಾರ್ಡ್‌ಡಿಸ್ಕ್‌ಗಳಲ್ಲಿ ಸಾಲಾಗಿ ಕಾಯುತ್ತಿರುತ್ತವೆ. ಮಳೆ ಬಿಡುವುದರೊಳಗೆ ಅವನ್ನು ಕತ್ತರಿಸಿ, ಜೋಡಿಸಿ, ಆಟ ಆಡಿಸಿದವರ ಮನೆಗೆ ತಲುಪಿಸಬೇಕು.

ನಾನಿರುವುದು ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಹತ್ತಿರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ಜಗಲಿಯ ಪಕ್ಕದ ಕೋಣೆಯೇ ನನ್ನ ಸ್ಟುಡಿಯೋ. ಮದುವೆ, ಬ್ರಹ್ಮಕಲಶ, ಗೃಹಪ್ರವೇಶ ಎಲ್ಲವನ್ನೂ ಮಾಡುತ್ತೇನೆ, ಹೊಟ್ಟೆಪಾಡು ಅದರಿಂದಲೇ. ಆದರೆ ಮನಸ್ಸು ಇರುವುದು ಆಟದಲ್ಲಿ. ಇಲ್ಲಿ ಅಂಗಡಿಯ ಬೋರ್ಡು ಮಲಯಾಳದಲ್ಲಿ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ರಾತ್ರಿ ಒಂಬತ್ತಕ್ಕೆ ಚೆಂಡೆ ಬಿದ್ದರೆ ಮಾತ್ರ ಬೆಳಗಿನ ಜಾವದವರೆಗೆ ಮೈಕಿನಲ್ಲಿ ಕೇಳುವುದು ಒಳ್ಳೆಯ ಕನ್ನಡ. ಪಕ್ಕದ ಮನೆಯ ಮಲಯಾಳಿ ಅಜ್ಜಿಯೂ ಬಂದು ಕೂರುತ್ತಾರೆ. ಅದನ್ನು ಚೆನ್ನಾಗಿ ಹಿಡಿದಿಡಬೇಕು ಅನ್ನುವುದು ನನ್ನ ಆಸೆ.

2025ರ ಮಳೆಗಾಲ ಬರುವಾಗ ನನ್ನ ಕಂಪ್ಯೂಟರ್‌ಗೆ ಹತ್ತಿರ ಹತ್ತಿರ ಆರು ವರ್ಷ. ಎಎಂಡಿ ಕಂಪನಿಯ ಎಂಟು ಕೋರಿನ ರೈಜನ್ 7 3700ಎಕ್ಸ್ ಪ್ರೊಸೆಸರ್ (ಕೋರ್ ಅಂದರೆ ಪ್ರೊಸೆಸರಿನ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ), 32 ಜಿಬಿ ರ್‍ಯಾಮ್, ಜಿಟಿಎಕ್ಸ್ 1660 ಕಾರ್ಡ್. ತೆಗೆದುಕೊಂಡಾಗ ನಮ್ಮ ಕಡೆ ಅಂಥದ್ದು ಯಾರಲ್ಲೂ ಇರಲಿಲ್ಲ. ಹಿಂದಿನ ವರ್ಷ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಒಂದು ಮಧ್ಯಾಹ್ನ ಹತ್ತಿರದಲ್ಲೇ ಸಿಡಿಲು ಬಡಿದು ಮದರ್‌ಬೋರ್ಡಿನ ಎರಡು ಪೋರ್ಟ್ ಸತ್ತುಹೋಗಿದ್ದವು. ಆಮೇಲೆ ಅದು ಒಮ್ಮೊಮ್ಮೆ ತಾನಾಗಿಯೇ ಆಫ್ ಆಗುತ್ತಿತ್ತು. ಹೊಸದು ಬೇಕು ಅನ್ನುವುದರಲ್ಲಿ ಪ್ರಶ್ನೆ ಇರಲಿಲ್ಲ. ಯಾವುದು ಅನ್ನುವುದೇ ಪ್ರಶ್ನೆ.

ಮಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದೆ. ಕೌಂಟರಿನ ಹುಡುಗ ನನ್ನ ಕೆಲಸ ಏನು ಎಂದು ಕೇಳಿ ತಿಳಿದುಕೊಂಡ. "ಸರ್, ನಾಲ್ಕು ಕ್ಯಾಮೆರಾ 4ಕೆ ಅಂದ್ರೆ ವರ್ಕ್‌ಸ್ಟೇಷನ್ನೇ ಆಗ್ಬೇಕು. ಒಮ್ಮೆ ಹಾಕಿದ್ರೆ ಹತ್ತು ವರ್ಷ ನೋಡೋದು ಬೇಡ" ಎಂದ. ವರ್ಕ್‌ಸ್ಟೇಷನ್ ಅಂದರೆ ಭಾರೀ ಕೆಲಸಕ್ಕೆಂದೇ ಇರುವ ದುಬಾರಿ ಕಂಪ್ಯೂಟರ್. ಅವನು ಹೇಳಿದ್ದು ಮೋಸದ ಮಾತೇನಲ್ಲ. ಕೆಲಸ ದೊಡ್ಡದಾದರೆ ಯಂತ್ರವೂ ದೊಡ್ಡದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಬ್ಯಾಂಕಿನಲ್ಲಿ ಸಾಲಕ್ಕೆ ವಿಚಾರಿಸಿಯೂ ಬಂದಿದ್ದೆ.

ಕಂಪ್ಯೂಟರ್ ಮಾತಿಗೆ ಮೊದಲು ಸ್ವಲ್ಪ ಬಣ್ಣದ ಮಾತು ಹೇಳಬೇಕು. ಯಾಕೆಂದರೆ ಕೊನೆಗೆ ನನ್ನ ಪ್ರೊಸೆಸರನ್ನು ಆರಿಸಿದ್ದೇ ಬಣ್ಣ.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರ ಮಾಡುವವರು, ಚೌಕಿಯಲ್ಲಿ ಚುಟ್ಟಿ ಇಟ್ಟುಕೊಳ್ಳುವುದನ್ನು ಹತ್ತಿರದಿಂದ ನೋಡಿದ್ದೀರಾ? ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಮುಖದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎಬ್ಬಿಸುತ್ತಾ ಹೋಗುತ್ತಾರೆ. ಕೆಂಪು, ಕಪ್ಪು ಬಣ್ಣದ ನಡುವೆ ಬಿಳಿ ಮುಳ್ಳಿನ ಸಾಲು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಆ ವೇಷ ರಂಗಸ್ಥಳಕ್ಕೆ ಬರುವಾಗ ದೊಂದಿಯ ಮೇಲೆ ರಾಳ ಎಸೆಯುತ್ತಾರೆ. ಭಗ್ಗನೆ ಬೆಂಕಿ ಏಳುತ್ತದೆ. ಆ ಒಂದು ಕ್ಷಣದ ಹಳದಿ ಬೆಳಕಿನಲ್ಲಿ ಚುಟ್ಟಿಯ ಪ್ರತಿ ಮುಳ್ಳಿಗೂ ಒಂದು ನೆರಳು ಬೀಳುತ್ತದೆ.

ನನ್ನ ಹಳೆಯ ವಿಡಿಯೋಗಳಲ್ಲಿ ಆ ಕ್ಷಣ ಕೆಟ್ಟುಹೋಗಿದೆ. ಸಾಮಾನ್ಯ ವಿಡಿಯೋ ಪ್ರತಿ ಚುಕ್ಕೆಯ ಬೆಳಕನ್ನು ಬರೆದಿಡುತ್ತದೆ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ ಹಂಚಿಬಿಡುತ್ತದೆ. 4:2:0 ಅನ್ನುವುದು ಇದನ್ನೇ. ಮದುವೆಮನೆಯಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಕೆಂಪಿನ ಪಕ್ಕ ಕಪ್ಪು, ಕಪ್ಪಿನ ಪಕ್ಕ ಮತ್ತೆ ಕೆಂಪು ಇರುವ ಮುಖದಲ್ಲಿ ಅಂಚುಗಳು ಒದ್ದೆ ಬಟ್ಟೆಯ ಬಣ್ಣದ ಹಾಗೆ ಹರಡಿಬಿಡುತ್ತವೆ. ಇನ್ನೊಂದು, ಪ್ರತಿ ಬಣ್ಣಕ್ಕೂ 256 ಮೆಟ್ಟಿಲು ಮಾತ್ರ ಇರುವ 8 ಬಿಟ್ ಲೆಕ್ಕ. ರಾಳದ ಬೆಳಕು ಹೊಗೆಯಲ್ಲಿ ನಿಧಾನವಾಗಿ ಕತ್ತಲಾಗುವ ಕಡೆ ಆ ಮೆಟ್ಟಿಲುಗಳು ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. 10 ಬಿಟ್‌ನಲ್ಲಿ 1024 ಮೆಟ್ಟಿಲು. 4:2:2ರಲ್ಲಿ ಎರಡು ಚುಕ್ಕೆಗೆ ಒಂದು ಬಣ್ಣ. ಮೂರು ವರ್ಷದ ಹಿಂದೆ ನಾನು ಕ್ಯಾಮೆರಾಗಳನ್ನು ಬದಲಾಯಿಸಿದ್ದು ಇದಕ್ಕಾಗಿಯೇ. ಎಚ್.265 (ವಿಡಿಯೋವನ್ನು ಒತ್ತಿ ಸಣ್ಣ ಫೈಲ್ ಮಾಡುವ ಒಂದು ವಿಧಾನ), 10 ಬಿಟ್, 4:2:2. ಚಿತ್ರ ಚಂದ ಬಂತು. ಕಂಪ್ಯೂಟರಿಗೆ ಮಾತ್ರ ಉಸಿರು ಕಟ್ಟಿತು.

ಲೆಕ್ಕ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಗಂಟೆಗೆ 45 ಜಿಬಿ. ಆರು ಗಂಟೆಯ ಆಟ, ನಾಲ್ಕು ಕ್ಯಾಮೆರಾ. ಒಟ್ಟು 24 ಗಂಟೆಯ ಫುಟೇಜ್, 1,080 ಜಿಬಿ. ಒಂದು ರಾತ್ರಿಗೆ ಒಂದು ಟಿಬಿಗಿಂತ ಜಾಸ್ತಿ. ನಾಲ್ಕನ್ನೂ ಚೆಂಡೆಯ ಪೆಟ್ಟು ನೋಡಿ ಒಂದೇ ಕಾಲಕ್ಕೆ ಹೊಂದಿಸಿ, ಪರದೆಯ ಮೇಲೆ ನಾಲ್ಕು ಕಿಟಕಿಯಲ್ಲಿ ಒಟ್ಟಿಗೆ ಓಡಿಸಿ, ಯಾವ ಗಳಿಗೆಗೆ ಯಾವ ಕ್ಯಾಮೆರಾ ಅಂತ ಆರಿಸುತ್ತಾ ಹೋಗಬೇಕು. ಹಳೆಯ ಯಂತ್ರದಲ್ಲಿ ನಾಲ್ಕು ಕಿಟಕಿ ತೆರೆದರೆ ಭಾಗವತರ ಪದ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹಾಗಾಗಿ ಮೊದಲು ಎಲ್ಲದಕ್ಕೂ ಪ್ರಾಕ್ಸಿ ಮಾಡಬೇಕಾಗುತ್ತಿತ್ತು, ಅಂದರೆ ಕಡಿಮೆ ಗುಣಮಟ್ಟದ ಹಗುರ ಪ್ರತಿ. ಅದನ್ನು ಹಾಕಿ ಮಲಗಿದರೆ ಬೆಳಿಗ್ಗೆ ಎದ್ದಾಗಲೂ ಮುಗಿದಿರುತ್ತಿರಲಿಲ್ಲ.

ಇಲ್ಲಿ ನನ್ನ ಭಾವನ ವಿಷಯ ಬರುತ್ತದೆ. ಅವನ ಮನೆ ಪೆರ್ಲದಲ್ಲಿ. ಡ್ರೋನ್ ಹಾರಿಸಿ ತೋಟ, ಗುಡ್ಡ, ಕೋರೆಗಳ ನಕ್ಷೆ ಮಾಡುವುದು ಅವನ ಕೆಲಸ. 2024ರಲ್ಲಿ ಅವನು ಎಎಂಡಿಯ ಥ್ರೆಡ್‌ರಿಪ್ಪರ್ 7960ಎಕ್ಸ್ ಹಾಕಿಸಿದ್ದ. 24 ಕೋರ್. ವರ್ಕ್‌ಸ್ಟೇಷನ್ ಅಂದರೆ ಇದೇ ಅಂತ ಕೈ ಮುಟ್ಟಿ ನೋಡಿದ್ದು ಅವನ ಮನೆಯಲ್ಲೇ. ಪ್ರೊಸೆಸರ್ ನನ್ನ ಅಂಗೈ ಅಗಲ ಇತ್ತು. ರ್‍ಯಾಮ್ ಕಡ್ಡಿಗಳು ಬೇರೆಯೇ ಜಾತಿ. ಅವು ನಮ್ಮ ಸಾಮಾನ್ಯ ಕಂಪ್ಯೂಟರಿಗೆ ಹೊಂದುವುದಿಲ್ಲ, ನಮ್ಮದು ಅದಕ್ಕೆ ಹೊಂದುವುದಿಲ್ಲ.

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರಿಗೂ ಇದಕ್ಕೂ ಇರುವ ವ್ಯತ್ಯಾಸ ಕೋರಿನ ಸಂಖ್ಯೆ ಒಂದೇ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಕೋರಿನ ಲೆಕ್ಕದಲ್ಲಿ ಈ ಎರಡರ ನಡುವಿನ ಗೆರೆ ಸರಿಯುತ್ತಲೇ ಇರುತ್ತದೆ. 2017ರ ಆಗಸ್ಟಿನಲ್ಲಿ ಮೊದಲ ಥ್ರೆಡ್‌ರಿಪ್ಪರ್ 1950ಎಕ್ಸ್ ಬಂದಾಗ ಅದರಲ್ಲಿ 16 ಕೋರ್ ಇತ್ತು, ಬೆಲೆ 999 ಡಾಲರ್. ಅದೇ ವರ್ಷದ ಸಾಮಾನ್ಯ ರೈಜನ್‌ನಲ್ಲಿ ಹೆಚ್ಚೆಂದರೆ ಎಂಟು ಕೋರ್. ಎರಡೇ ವರ್ಷ ಕಳೆದು 2019ರ ನವೆಂಬರಿನಲ್ಲಿ ಅದೇ 16 ಕೋರ್ ಸಾಮಾನ್ಯ ಮದರ್‌ಬೋರ್ಡಿಗೆ ಬಂತು, ರೈಜನ್ 9 3950ಎಕ್ಸ್ ಆಗಿ, 749 ಡಾಲರಿಗೆ. ಈಗ 5.7 ಗಿಗಾಹರ್ಟ್ಸ್ ವರೆಗೆ ಓಡುವ 16 ಕೋರಿನ ರೈಜನ್ 9 9950ಎಕ್ಸ್ ಬರೀ ಡೆಸ್ಕ್‌ಟಾಪ್ ಚಿಪ್. ಭಾವನ 7960ಎಕ್ಸ್ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೆಲೆಯದ್ದು. ಬಿಡುಗಡೆಯ ಬೆಲೆ 649 ಡಾಲರ್ ಒಂದರದ್ದು, 1,499 ಇನ್ನೊಂದರದ್ದು. ಆದರೂ ಅದು ಓಡುವುದು 5.3ರ ವರೆಗೆ ಮಾತ್ರ. ಒಂದೇ ಕೋರಿನಿಂದ ಆಗುವ ಕೆಲಸದಲ್ಲಿ ದುಬಾರಿಯದ್ದೇ ಹಿಂದೆ.

ಹಾಗಾದರೆ ದುಡ್ಡು ಯಾವುದಕ್ಕೆ? ದಾರಿಗಳಿಗೆ. ಪ್ರೊಸೆಸರಿಗೂ ಮೆಮೊರಿಗೂ ನಡುವೆ ಸಾಮಾನ್ಯ ಚಿಪ್‌ಗೆ ಎರಡು ದಾರಿ, ಥ್ರೆಡ್‌ರಿಪ್ಪರಿಗೆ ನಾಲ್ಕು, ಥ್ರೆಡ್‌ರಿಪ್ಪರ್ ಪ್ರೊಗೆ ಎಂಟು. ಕಾರ್ಡು, ಡಿಸ್ಕುಗಳನ್ನು ಸಿಕ್ಕಿಸುವ ಪಿಸಿಐಇ ಲೇನ್‌ಗಳು ಇಂಟೆಲ್‌ನ ಹೊಸ ಡೆಸ್ಕ್‌ಟಾಪ್ ಚಿಪ್‌ನಲ್ಲಿ 24 ಇದ್ದರೆ ಪ್ರೊನಲ್ಲಿ 128. ಇಂಟೆಲ್‌ನ ಝಿಯಾನ್ ಡಬ್ಲ್ಯೂ ಸಾಲಿನ ಕತೆಯೂ ಹೀಗೇ. ನಾಲ್ಕು ಗ್ರಾಫಿಕ್ಸ್ ಕಾರ್ಡು, ಎಂಟು ಹತ್ತು ವೇಗದ ಡಿಸ್ಕು ಒಂದೇ ಪೆಟ್ಟಿಗೆಯಲ್ಲಿ ಬೇಕು ಅನ್ನುವವರಿಗೆ ಬೇರೆ ದಾರಿಯೇ ಇಲ್ಲ.

ನನಗೆ ಅಷ್ಟು ಬೇಕಾ? ಗೊತ್ತಿರಲಿಲ್ಲ. ಭಾವ ಒಂದು ಮಾತು ಹೇಳಿದ. "ಭಾವ, ನೀವು ಒಂದು ವಾರ ಸುಮ್ನೆ ಬರೆದಿಡಿ ಮಾರಾಯ್ರೆ. ಎಲ್ಲಿ ಕಾಯ್ತೀರಿ, ಎಷ್ಟು ಕಾಯ್ತೀರಿ, ಆಗ ಟಾಸ್ಕ್ ಮ್ಯಾನೇಜರಿನಲ್ಲಿ ಎಂತ ಕಾಣ್ತದೆ. ಅಷ್ಟು ಸಾಕು."

ಮಗಳ ಹಳೆಯ ನೋಟುಪುಸ್ತಕ ತೆಗೆದುಕೊಂಡು ಬರೆದೆ. ಸೋಮವಾರದಿಂದ ಶನಿವಾರದವರೆಗೆ. ಈ ಬರಹದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುವ ವಿಷಯ ಒಂದಿದ್ದರೆ ಅದು ಈ ಪುಸ್ತಕವೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫೈಲ್ ಕಾಪಿ ಮಾಡುವಾಗ ಕಾದೆ. ಆಗ ಪ್ರೊಸೆಸರ್ ಕೆಲಸವಿಲ್ಲದೆ ಕೂತಿತ್ತು, ಹಾರ್ಡ್‌ಡಿಸ್ಕ್ ಮಾತ್ರ ನೂರಕ್ಕೆ ನೂರು. ಪ್ರಾಕ್ಸಿ ಮಾಡುವಾಗ ಕಾದೆ, ಎಂಟು ಕೋರೂ ತುಂಬಿ ತುಳುಕುತ್ತಿತ್ತು. ಬಣ್ಣ ಸರಿಮಾಡುವಾಗ ಕಾದೆ, ಗ್ರಾಫಿಕ್ಸ್ ಕಾರ್ಡಿನ 6 ಜಿಬಿ ಮೆಮೊರಿ ತುಂಬಿತ್ತು. ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಎಳೆಯುವಾಗ ಪ್ರತಿ ಸಲ ಎರಡು ಮೂರು ಸೆಕೆಂಡ್ ಕಾದೆ. ಇದೇ ನನ್ನ ತಾಳ್ಮೆ ತಿಂದದ್ದು. ದಿನಕ್ಕೆ ನೂರಾರು ಸಲ. ಆಗಲೂ ಪ್ರೊಸೆಸರ್ ಪೂರ್ತಿ. ಕೊನೆಯ ಎಕ್ಸ್‌ಪೋರ್ಟಿಗೆ ಕಾಯುವುದನ್ನು ನಾನು ಅಷ್ಟು ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ಹಾಕಿಟ್ಟು ಊಟಕ್ಕೆ ಹೋಗಬಹುದು, ತೋಟಕ್ಕೆ ಹೋಗಿ ಬರಬಹುದು.

ಶನಿವಾರ ರಾತ್ರಿ ಕೂಡಿಸಿ ನೋಡಿದೆ. ನಾನು ಕುರ್ಚಿಯಲ್ಲಿ ಕೂತು ಕಾದ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕಾರಣಕ್ಕೆ. ಎಚ್.265 4:2:2 ಫೈಲನ್ನು ಬಿಚ್ಚಿ ಓದುವುದು, ಅಂದರೆ ಡೀಕೋಡಿಂಗ್. ಪ್ರಾಕ್ಸಿ ಮಾಡಬೇಕಾದ್ದೂ ಅದಕ್ಕೇ, ಟೈಮ್‌ಲೈನ್ ತಡವರಿಸಿದ್ದೂ ಅದಕ್ಕೇ. ಎಡಿಟ್ ಅಂತ ನಾವು ಕರೆಯುವ ಕೆಲಸಕ್ಕೆ ಪ್ರೊಸೆಸರ್ ಅಷ್ಟೇನೂ ದಣಿಯುತ್ತಿರಲಿಲ್ಲ.

ಪುಸ್ತಕ ತೆಗೆದುಕೊಂಡು ಪೆರ್ಲಕ್ಕೆ ಹೋದೆ. ಒಂದು ಆಟದ ಅರ್ಧ ಗಂಟೆಯ ಫುಟೇಜನ್ನು ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡಿದ್ದೆ. ಕತ್ತಲಿನಲ್ಲಿ ಮಹಿಷಾಸುರ ಪ್ರವೇಶ, ರಾಳ, ಜನರ ನಡುವಿನಿಂದ ದೊಂದಿ ಬರುವುದು. ಭಾವನ ಯಂತ್ರದಲ್ಲಿ ನಾಲ್ಕು ಕಿಟಕಿಯೂ ಓಡಿದವು. ಪ್ರಾಕ್ಸಿ ಇಲ್ಲದೆ ಅವು ಹಾಗೆ ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ 24 ಕೋರ್‌ಗಳೂ ಅರ್ಧಕ್ಕಿಂತ ಮೇಲೆ ದುಡಿಯುತ್ತಿದ್ದವು. ಫ್ಯಾನಿನ ಸದ್ದಿಗೆ ಭಾಗವತರ ಆಲಾಪನೆಯ ಸಣ್ಣ ಏರಿಳಿತ ಕೇಳಲಿಲ್ಲ. ಬರೀ ಓದುವುದಕ್ಕೇ ಇಷ್ಟು.

ಮರುವಾರ ಮಂಗಳೂರಿನಲ್ಲಿ ಗೆಳೆಯನೊಬ್ಬನ ಆಫೀಸಿಗೆ ಅದೇ ಎಸ್‌ಎಸ್‌ಡಿ ತೆಗೆದುಕೊಂಡು ಹೋದೆ. ಅವನದ್ದು ಇಂಟೆಲ್ ಕೋರ್ ಅಲ್ಟ್ರಾ 7 265ಕೆ. ಸಾಮಾನ್ಯ ಡೆಸ್ಕ್‌ಟಾಪ್ ಚಿಪ್. 8 ದೊಡ್ಡ ಕೋರ್, 12 ಸಣ್ಣ ಕೋರ್. 2024ರ ಅಕ್ಟೋಬರಿನಲ್ಲಿ ಬಂದಾಗ ಬೆಲೆ 394 ಡಾಲರ್, ಭಾವನ ಪ್ರೊಸೆಸರಿನ ಕಾಲುಭಾಗದಷ್ಟು. ಅದರಲ್ಲೂ ನಾಲ್ಕು ಕಿಟಕಿ ಓಡಿದವು. ಟಾಸ್ಕ್ ಮ್ಯಾನೇಜರ್ ತೆರೆದರೆ ಕೋರ್‌ಗಳು ಹೆಚ್ಚುಕಡಿಮೆ ಸುಮ್ಮನೆ ಕೂತಿವೆ. ಎಳೆದ ಕಡೆ ನಿಲ್ಲುತ್ತದೆ, ಬಿಟ್ಟ ಕಡೆಯಿಂದ ಓಡುತ್ತದೆ. ಫ್ಯಾನ್ ತಿರುಗುವುದೇ ಕೇಳುವುದಿಲ್ಲ. ಆಲಾಪನೆ ಪೂರ್ತಿ ಕೇಳಿತು.

ಕಾರಣ ಸರಳ. ಈ ಇಂಟೆಲ್ ಚಿಪ್‌ಗಳ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಭಾಗ ಇದೆ, ಅದರೊಳಗೆ ವಿಡಿಯೋ ಬಿಚ್ಚುವುದಕ್ಕೆಂದೇ ಇರುವ ಯಂತ್ರಾಂಶ ಇದೆ. ಕ್ವಿಕ್ ಸಿಂಕ್ ಅಂತ ಹೆಸರು. ಅದಕ್ಕೆ ಎಚ್.265ರ 10 ಬಿಟ್ 4:2:2 ಬರುತ್ತದೆ. ನನ್ನ ಹಳೆಯ 1660 ಕಾರ್ಡಿಗೆ 4:2:0 ಬರುತ್ತಿತ್ತು, 4:2:2 ಬರುತ್ತಿರಲಿಲ್ಲ. ಭಾವನ ಆರ್‌ಟಿಎಕ್ಸ್ 4070ಕ್ಕೂ ಬರುವುದಿಲ್ಲ. ಥ್ರೆಡ್‌ರಿಪ್ಪರಿನಲ್ಲಿ ಒಳಗಿನ ಗ್ರಾಫಿಕ್ಸ್ ಭಾಗವೇ ಇಲ್ಲ. ಹಾಗಾಗಿ ಅಲ್ಲಿ 24 ಕೋರ್‌ಗಳು ಕೈಯಿಂದ ಬಿಚ್ಚುತ್ತಿದ್ದ ಗಂಟನ್ನು ಇಲ್ಲಿ ಒಂದು ಮೂಲೆಯ ಸಣ್ಣ ಭಾಗ ಬಿಚ್ಚುತ್ತಿತ್ತು. 2025ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳಿಗೂ 4:2:2 ಬರುತ್ತದೆ. ಥ್ರೆಡ್‌ರಿಪ್ಪರಿಗೆ ಅಂಥ ಕಾರ್ಡ್ ಹಾಕಿದರೂ ನನ್ನ ಕೆಲಸ ಆದೀತು. ಆದರೆ ಆಗ ಕೆಲಸ ಮಾಡುವುದು ಕಾರ್ಡು, ದುಡ್ಡು ತೆತ್ತದ್ದು ಪ್ರೊಸೆಸರಿಗೆ. ಹಳೆಯ ಯಂತ್ರಕ್ಕೇ ಆ ಕಾರ್ಡ್ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮದರ್‌ಬೋರ್ಡು ಗಟ್ಟಿ ಇದ್ದಿದ್ದರೆ ಖಂಡಿತ ಹಾಗೇ ಮಾಡುತ್ತಿದ್ದೆ. ನಿಮ್ಮದು ಗಟ್ಟಿ ಇದ್ದರೆ ಮೊದಲು ಅದನ್ನೇ ನೋಡಿ.

ಕೋರ್ ಜಾಸ್ತಿ ಆದಷ್ಟೂ ಕೆಲಸ ಬೇಗ ಅನ್ನುವ ನಂಬಿಕೆ ನಮ್ಮೂರಿನವರಿಗೆ ಬರಬಾರದು. ಅಡಿಕೆ ಸುಲಿಯುವುದಕ್ಕೆ ನಾಲ್ಕು ಜನರ ಬದಲು ಎಂಟು ಜನ ಬಂದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಸುಲಿಯುವ ಮೊದಲು ಅಂಗಳದಲ್ಲಿ ಅದು ಒಣಗಬೇಕಲ್ಲ? ಹಣ್ಣಡಿಕೆ ಒಣಗಿ ಚಾಲಿಯಾಗುವುದಕ್ಕೆ ನಲವತ್ತು ದಿನದ ಬಿಸಿಲು ಬೇಕು. ಅಂಗಳದ ಸುತ್ತ ನೂರು ಜನ ನಿಂತರೂ ಒಂದು ದಿನ ಕಡಿಮೆ ಆಗುವುದಿಲ್ಲ. ಜೀನ್ ಆಮ್ಡಾಲ್ ಅನ್ನುವವರು 1967ರಲ್ಲಿ ಕಂಪ್ಯೂಟರಿನ ಬಗ್ಗೆ ಹೇಳಿದ್ದು ಇದನ್ನೇ. ಒಂದು ಕೆಲಸದಲ್ಲಿ ನೂರಕ್ಕೆ 90 ಭಾಗ ಹಂಚಿಕೊಳ್ಳುವಂಥದ್ದು, 10 ಭಾಗ ಒಬ್ಬನೇ ಮಾಡುವಂಥದ್ದು ಅಂತ ಇಟ್ಟುಕೊಳ್ಳಿ. 8 ಕೋರ್ ಹಾಕಿದರೆ ಒಂದು ಕೋರಿಗಿಂತ 4.7 ಪಟ್ಟು ವೇಗ. 24 ಹಾಕಿದರೆ 7.3 ಪಟ್ಟು. 64 ಹಾಕಿದರೂ 8.8 ಪಟ್ಟು. ಎಷ್ಟೇ ಹಾಕಿ, ಹತ್ತು ಪಟ್ಟು ದಾಟುವುದಿಲ್ಲ.

ಹಾಗಂತ ಭಾವನ ಯಂತ್ರ ದಂಡ ಅಂತ ನಾನು ಹೇಳುತ್ತಿಲ್ಲ. ಅವನ ಕೆಲಸ ನೋಡಿದ ಮೇಲೆ ಅವನಿಗೆ ಅದು ಎಷ್ಟು ಸರಿ ಅನ್ನುವುದು ಗೊತ್ತಾಯಿತು.

ಡ್ರೋನ್ ಒಂದು ಗುಡ್ಡದ ಮೇಲೆ ಸಾಲು ಸಾಲಾಗಿ ಹಾರಿ ಸಾವಿರಾರು ಫೋಟೋ ತೆಗೆಯುತ್ತದೆ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರುತ್ತದೆ. ಎಲ್ಲ ಫೋಟೋಗಳಲ್ಲಿ ಒಂದೇ ಕಲ್ಲು, ಒಂದೇ ಅಡಿಕೆ ಮರದ ತುದಿ ಎಲ್ಲೆಲ್ಲಿ ಇದೆ ಅಂತ ಹುಡುಕಿ, ಹೊಂದಿಸಿ, ಕೋಟಿಗಟ್ಟಲೆ ಬಿಂದುಗಳ ಗುಡ್ಡವನ್ನು ಕಂಪ್ಯೂಟರ್ ಕಟ್ಟಬೇಕು. ಅವನು ಬಳಸುವ ಓಪನ್‌ಡ್ರೋನ್‌ಮ್ಯಾಪ್ ಉಚಿತ ಸಾಫ್ಟ್‌ವೇರ್. ಅದನ್ನು ಮಾಡಿದವರೇ ಕೊಟ್ಟ ಅಂದಾಜಿನ ಪ್ರಕಾರ 500 ಫೋಟೋಗೆ 32 ಜಿಬಿ ಮೆಮೊರಿ ಬೇಕು, 2,500ಕ್ಕೆ 128, 5,000ಕ್ಕೆ 256. ಮೆಮೊರಿ ಸಾಲದೆ ಹೋದರೆ ಅರ್ಧದಲ್ಲಿ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ. ಸಾಮಾನ್ಯ ಮದರ್‌ಬೋರ್ಡಿನಲ್ಲೂ ನಾಲ್ಕು ಕಡ್ಡಿ ಹಾಕಿ ಮೆಮೊರಿ ಏರಿಸಬಹುದು. ಆದರೆ 9950ಎಕ್ಸ್‌ನಲ್ಲಿ ಎರಡು ಕಡ್ಡಿಗೆ ಈಗಿನ ಡಿಡಿಆರ್5 ಮೆಮೊರಿಯ 5600 ವೇಗ ಇದ್ದದ್ದು, ನಾಲ್ಕು ದೊಡ್ಡ ಕಡ್ಡಿ ಹಾಕಿದರೆ ಕಂಪನಿ ಭರವಸೆ ಕೊಡುವುದು 3600ಕ್ಕೆ ಮಾತ್ರ. ತುಂಬಿದಷ್ಟೂ ನಿಧಾನ.

ಅವನ ಕೆಲಸ ಒಮ್ಮೊಮ್ಮೆ ಮೂವತ್ತು ಗಂಟೆ ಓಡುತ್ತದೆ. ಅಷ್ಟು ಹೊತ್ತು, ಅಷ್ಟು ಮೆಮೊರಿಯಲ್ಲಿ, ಒಂದು ಬಿಟ್ ತಾನಾಗಿ ಸೊನ್ನೆಯಿಂದ ಒಂದಾದರೆ? ಆಗುವುದುಂಟು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಚುನಾವಣೆಯಲ್ಲಿ, ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಅನ್ನುವ ಕಡೆ, ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಜಾಸ್ತಿ ಬಂತು. ಬರುವುದು ಸಾಧ್ಯವೇ ಇಲ್ಲದಷ್ಟು ಮತ ಆದ್ದರಿಂದ ಸಿಕ್ಕಿಬಿತ್ತು. 4,096 ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ್ದು. ಮೆಮೊರಿಯ ಹದಿಮೂರನೇ ಬಿಟ್ ಒಂದು ತಾನಾಗಿ ತಿರುಗಿರಬೇಕು ಅನ್ನುವ ತೀರ್ಮಾನಕ್ಕೆ ಬಂದರು. ವರ್ಕ್‌ಸ್ಟೇಷನ್‌ನ ಇಸಿಸಿ ಮೆಮೊರಿ ಇಂಥ ಒಂದು ಬಿಟ್‌ನ ತಪ್ಪನ್ನು ಹಿಡಿದು ತಾನೇ ಸರಿಮಾಡುತ್ತದೆ. ಡಿಡಿಆರ್5 ಎಲ್ಲದರಲ್ಲೂ ಇಸಿಸಿ ಇದೆ ಅಂತ ಅಂಗಡಿಯಲ್ಲಿ ಹೇಳುವುದುಂಟು. ಅದು ಚಿಪ್ಪಿನ ಒಳಗಿನ ತಪ್ಪಿಗೆ ಮಾತ್ರ. ಪ್ರೊಸೆಸರಿನವರೆಗಿನ ದಾರಿಯಲ್ಲಿ ಆಗುವುದನ್ನು ಅದು ಕಾಯುವುದಿಲ್ಲ.

ಭಾವನ ನಕ್ಷೆ ನೋಡಿ ಯಾರೋ ಗುಡ್ಡ ಅಗೆಯುತ್ತಾರೆ, ನೀರು ಹರಿಯುವ ದಾರಿ ಮಾಡುತ್ತಾರೆ. ಅಲ್ಲಿ ಎತ್ತರದ ಅಂಕಿ ತಪ್ಪಬಾರದು. ನನ್ನ ಆರು ಗಂಟೆಯ ಆಟದಲ್ಲಿ ಒಂದು ಫ್ರೇಮ್ ಕೆಟ್ಟರೆ ಆ ತುಂಡನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡುತ್ತೇನೆ, ಅಷ್ಟೇ.

ಇನ್ನು ಕರೆಂಟಿನ ವಿಷಯ. ಪ್ರೊಸೆಸರ್ ಹೋಲಿಸುವ ವಿಡಿಯೋಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಮ್ಮಲ್ಲಿ ಅದು ಒಂದು ಸಾಲಿನ ವಿಷಯ ಅಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಸಂಜೆ ಹೋದದ್ದು ಮರುದಿನ ಬರುತ್ತದೆ. ಇರುವಾಗಲೂ ಬಂದು ಹೋಗಿ ಆಟವಾಡುತ್ತದೆ. 7960ಎಕ್ಸ್‌ನ ಟಿಡಿಪಿ, ಅಂದರೆ ಭಾರೀ ಕೆಲಸದಲ್ಲಿ ಅದು ಎಳೆಯುವ ವಿದ್ಯುತ್ತಿನ ಅಂದಾಜು, 350 ವ್ಯಾಟ್. ಗ್ರಾಫಿಕ್ಸ್ ಕಾರ್ಡು, ಡಿಸ್ಕು, ಫ್ಯಾನು, ಮಾನಿಟರು ಎಲ್ಲ ಸೇರಿ ಭಾರೀ ಕೆಲಸದಲ್ಲಿ 700 ವ್ಯಾಟ್ ದಾಟುತ್ತದೆ. ಅದನ್ನು ಹಿಡಿಯುವ ಯುಪಿಎಸ್ ಬೇರೆ ಗಾತ್ರದ್ದು, ಬೇರೆ ಬೆಲೆಯದ್ದು. ಭಾವ ಅದಕ್ಕೆಂದೇ ಬೇರೆ ಲೈನ್ ಎಳೆಸಿದ್ದಾನೆ, ಕೋಣೆಗೆ ಏಸಿ ಹಾಕಿಸಿದ್ದಾನೆ. ನನ್ನ ಕೋಣೆ ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ಏಪ್ರಿಲಿನಲ್ಲಿ ಒಳಗೆ ಕೂತರೆ ಬೆವರು ಕೀಬೋರ್ಡಿನ ಮೇಲೆ ಬೀಳುತ್ತದೆ. ಅಲ್ಲಿ 350 ವ್ಯಾಟ್ ಅಂದರೆ ಒಂದು ಸಣ್ಣ ಹೀಟರ್ ಇಟ್ಟ ಹಾಗೆ.

265ಕೆ ಕೂಡ ಬಿಟ್ಟರೆ 250 ವ್ಯಾಟ್ ವರೆಗೆ ಎಳೆಯುತ್ತದೆ. ಬಯೋಸ್‌ನಲ್ಲಿ 125ಕ್ಕೆ ಕಟ್ಟಿಹಾಕಿದ್ದೇನೆ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಗುತ್ತದೆ, ಕೈಯಲ್ಲಿ ಎಡಿಟ್ ಮಾಡುವಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ರೈಜನ್‌ನವರಿಗೂ ಇಕೋ ಮೋಡ್ ಅಂತ ಒಂದು ಇದೆ, ಹಾಕಿ ನೋಡಿ.

ಹೌದು, 265ಕೆ ತೆಗೆದುಕೊಂಡೆ. ಮೇಲಿನ 285ಕೆ ಕೂಡ ಬೇಡ ಅನಿಸಿತು, ವಿಡಿಯೋ ಬಿಚ್ಚುವ ಭಾಗ ಎರಡರಲ್ಲೂ ಒಂದೇ. ಜೊತೆಗೆ 64 ಜಿಬಿ ಮೆಮೊರಿ, 16 ಜಿಬಿಯ ಒಂದು ಗ್ರಾಫಿಕ್ಸ್ ಕಾರ್ಡ್. ಸಾಲ ಮಾಡಲಿಲ್ಲ. ವರ್ಕ್‌ಸ್ಟೇಷನ್‌ಗೆ ಅಂತ ಇಟ್ಟ ಲೆಕ್ಕದಲ್ಲಿ ಉಳಿದ ದುಡ್ಡು ನೋಟುಪುಸ್ತಕದ ಮೊದಲನೇ ಸಾಲಿಗೆ ಹೋಯಿತು. ಫೈಲ್ ಕಾಪಿ ಮಾಡುವಾಗ ಕಾದೆ ಅಂತ ಬರೆದಿದ್ದೆನಲ್ಲ, ಅದಕ್ಕೆ. ನಡೆಯುತ್ತಿರುವ ಕೆಲಸಕ್ಕೆ 4 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದ ಆಟಗಳಿಗೆ ದೊಡ್ಡ ಹಾರ್ಡ್‌ಡಿಸ್ಕ್‌ಗಳು, ಎರಡೆರಡು ಪ್ರತಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಭಾವನ ಮನೆಯಲ್ಲಿ. ಅವನ ನಕ್ಷೆಗಳ ಒಂದು ಪ್ರತಿ ನನ್ನ ಕಪಾಟಿನಲ್ಲಿ. ಉಳಿದದ್ದರಲ್ಲಿ ಮೇಸ್ತ್ರಿ ಕರೆಸಿ ಹೊಸ ಅರ್ತಿಂಗ್ ಹಾಕಿಸಿದೆ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ. ಆ ವರ್ಷದ ಕೊನೆಗೆ ಮೆಮೊರಿಯ ಬೆಲೆ ಒಂದೇ ಸಮನೆ ಏರಿತು. ಮಳೆಗಾಲದಲ್ಲೇ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಯಾರಾದರೂ ನನ್ನನ್ನು ಕೇಳಿದರೆ ಈಗ ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ಕ್ಯಾಮೆರಾ ಯಾವ ಫೈಲ್ ಕೊಡುತ್ತದೆ ಅಂತ. ಎಚ್.264ರಲ್ಲಿ 10 ಬಿಟ್ 4:2:2 ಬರೆಯುವ ಕ್ಯಾಮೆರಾಗಳೂ ಇವೆ, ಅದನ್ನು ಈ 265ಕೆ ಬಿಚ್ಚುವುದಿಲ್ಲ. ಅಂಥವರಿಗೆ 50 ಸರಣಿಯ ಕಾರ್ಡು ಒಂದು ದಾರಿ. ಒಂದು ಅಂಕಿ ಆಚೀಚೆ ಆದರೆ ನನ್ನ ಉತ್ತರ ನಿಮಗೆ ತಪ್ಪು ಉತ್ತರ ಆಗುತ್ತದೆ.

ಕಳೆದ ತುಲಾ ತಿಂಗಳಲ್ಲಿ ಒಂದು ಮಧ್ಯಾಹ್ನ ಆ ಮಹಿಷಾಸುರದ ಆಟದ ಕೊನೆಯ ಎಡಿಟ್ ನೋಡುತ್ತಿದ್ದೆ. ಆ ವೇಷ ಮಾಡಿದವರು ಸ್ವತಃ ಬಂದಿದ್ದರು, ಎಪ್ಪತ್ತು ದಾಟಿದ ಹಿರಿಯರು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ರಾಳದ ಬೆಂಕಿ ಏಳುವ ಜಾಗದಲ್ಲಿ "ಒಮ್ಮೆ ನಿಲ್ಲಿಸಿ" ಎಂದರು. ನಿಲ್ಲಿಸಿದೆ. ಎದ್ದು ಪರದೆಯ ಹತ್ತಿರ ಹೋಗಿ ತಮ್ಮದೇ ಮುಖ ನೋಡಿದರು. ಬಲಗಡೆ ಕೆನ್ನೆಯ ಮೇಲೆ ಚುಟ್ಟಿಯ ಸಾಲಿನಲ್ಲಿ ಒಂದು ಮುಳ್ಳು ಬಿದ್ದುಹೋಗಿತ್ತು. ಅಲ್ಲಿ ಬೆರಳಿಟ್ಟು, "ಇದು ಬಿದ್ದದ್ದು ನನಗೆ ಆ ದಿನ ಗೊತ್ತೇ ಆಗಲಿಲ್ಲ ನೋಡಿ" ಎಂದರು.

ದೂರದಲ್ಲಿ ಗುಡುಗು ಕೇಳಿತು. ಫೈಲ್ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ, ಒಂದೊಂದೇ ಪ್ಲಗ್ ಎಳೆದೆ. ಅರ್ತಿಂಗ್ ಹಾಕಿಸಿದ್ದರೂ ಆ ಅಭ್ಯಾಸ ಬಿಟ್ಟಿಲ್ಲ. ಮಳೆ ನಿಲ್ಲುವವರೆಗೆ ಜಗಲಿಯಲ್ಲಿ ಕೂತು ಇಬ್ಬರೂ ಚಾ ಕುಡಿದೆವು.